ಸತ್ತ ಮಂಗದ ಸುದ್ದಿ ಯಾರಿಗೆ ಹೇಳಬೇಕು?

ಕಾಡಿನಲ್ಲಿ ಮಂಗವೊಂದು ಸತ್ತು ಬಿದ್ದರೆ ಅದು ಮೊದಲು ಕಣ್ಣಿಗೆ ಬೀಳುವುದು ದರಕು (ಉದುರಿದ ಒಣ ಎಲೆ) ಗುಡಿಸಲು ಹೋದ ಹೆಂಗಸಿಗೆ, ಸಂಜೆ ಕೊಟ್ಟಿಗೆಗೆ ಬಾರದ ದನವನ್ನು ಹುಡುಕುತ್ತ ಹೊರಟ ಹುಡುಗನಿಗೆ, ಇಲ್ಲವೇ ತೋಟದ ಕೆಲಸಕ್ಕೆ ಕಾಲುದಾರಿ ಹಿಡಿದ ಆಳಿಗೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಆ ಸುದ್ದಿ ಮುಟ್ಟುವುದು ಆಮೇಲೆ, ಅದೂ ಇವರಲ್ಲಿ ಯಾರಾದರೂ ಬಾಯಿ ಬಿಟ್ಟರೆ. ನೋಡಿದವರು ಮೂಗು ಮುಚ್ಚಿಕೊಂಡು ಸುಮ್ಮನೆ ದಾಟಿಹೋದರೆ ಆ ಜಾಗದಲ್ಲಿ ಮುಂದಿನ ದಿನಗಳಲ್ಲಿ ನಡೆದಾಡುವ ಪ್ರತಿಯೊಬ್ಬರಿಗೂ ಅಪಾಯ. ಮಲೆನಾಡಿನ ಮಂಗನ ಕಾಯಿಲೆಯನ್ನು ತಡೆಯುವ ಕೆಲಸ ಇಷ್ಟು ಸಣ್ಣ ಜಾಗದಿಂದ ಶುರುವಾಗುತ್ತದೆ.

ಆರೋಗ್ಯ ಜಾಗೃತಿ ಎಂದೊಡನೆ ನಮಗೆ ನೆನಪಾಗುವ ಚಿತ್ರ ಬೇರೆ. ಸಮುದಾಯ ಭವನ, ಹಿಂದೊಂದು ಫ್ಲೆಕ್ಸು, ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ವೇದಿಕೆಯಲ್ಲಿ ಏಳೆಂಟು ಗಣ್ಯರು, ಗಿಡಕ್ಕೆ ನೀರೆರೆದು ಉದ್ಘಾಟನೆ, ವೈದ್ಯರ ಭಾಷಣ, ಕೊನೆಗೆ ಉಪ್ಪಿಟ್ಟು, ಚಹಾ. ಮರುದಿನ ಪತ್ರಿಕೆಯ ಮೂಲೆಯಲ್ಲೊಂದು ಫೋಟೊ. ಇದರಿಂದ ಏನೂ ಪ್ರಯೋಜನವಿಲ್ಲ ಎನ್ನುವಂತಿಲ್ಲ, ಕೇಳಿದವರಲ್ಲಿ ನಾಲ್ಕು ಜನ ಮನೆಯಲ್ಲಿ ಹೇಳುತ್ತಾರೆ. ಆದರೆ ಮಂಗನ ಕಾಯಿಲೆಯ ಊರುಗಳಲ್ಲಿ ಈ ಏರ್ಪಾಟು ತಲೆಕೆಳಗಾಗಿದೆ. ಯಾವ ಬೆಟ್ಟದಲ್ಲಿ ಮುಸಿಯ ಮಂಗಗಳ ಹಿಂಡಿದೆ, ಯಾವ ಮನೆಯವರು ಯಾವ ಕಡೆ ಸೊಪ್ಪಿಗೆ ಹೋಗುತ್ತಾರೆ, ಯಾರ ದನ ಎಲ್ಲಿ ಮೇಯುತ್ತದೆ ಎನ್ನುವುದು ಕುರ್ಚಿಯಲ್ಲಿ ಕೂತವರಿಗೆ ಗೊತ್ತು, ಮೈಕಿನ ಮುಂದಿರುವವರಿಗೆ ಗೊತ್ತಿಲ್ಲ.

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗರು ಜ್ವರ ಬಂದು ಮಲಗಿದರು. ಮಂಗಗಳೂ ಮನುಷ್ಯರೂ ಒಟ್ಟೊಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದ ಹಳದಿ ಜ್ವರದ ಕುರುಹು. ಆ ಜ್ವರವೇ ಭಾರತಕ್ಕೂ ಬಂದುಬಿಟ್ಟಿತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸೊರಬಕ್ಕೆ ಬಂದರು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ವೈರಸ್. ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ಸಿನ ಹತ್ತಿರದ ಬಂಧು. ಹಾಗಾಗಿ ಸೊರಬದ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಆರೋಗ್ಯ ಇಲಾಖೆಯವರ ಬಾಯಲ್ಲಿ ಕೆಎಫ್‌ಡಿ.

ಅಂದಿನಿಂದ ಇದು ಹೆಚ್ಚುಕಡಿಮೆ ಪ್ರತಿ ವರ್ಷವೂ ಬರುತ್ತಿದೆ. ದಶಕಗಳ ಕಾಲ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಒಳಗೇ ಸುತ್ತಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ಕಾಯಿಲೆ ಸ್ಫೋಟಿಸಿ ಸುಮಾರು ಒಂದೂವರೆ ಸಾವಿರ ಜನ ಮಲಗಿದರು. 2012ರಲ್ಲಿ ಬಂಡೀಪುರದ ಕಡೆ ಕಾಣಿಸಿಕೊಂಡಿತು. ಆಮೇಲೆ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ. ಪಶ್ಚಿಮ ಘಟ್ಟದ ಉದ್ದಕ್ಕೂ ಇದರ ಜಾಡು ಹರಡಿದೆ.

ಜ್ವರ ಬರುವುದು ದಿಢೀರನೆ. ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ತಲೆ ಸಿಡಿಯುವ ನೋವು, ಸೊಂಟ-ಮೀನಖಂಡಗಳಲ್ಲಿ ತಾಳಲಾರದ ಸೆಳೆತ, ಕೆಂಪೇರಿದ ಕಣ್ಣು, ವಾಂತಿ, ಭೇದಿ. ಕೆಲವರಿಗೆ ಒಸಡಿನಲ್ಲಿ, ಮೂಗಿನಲ್ಲಿ, ಮಲದಲ್ಲಿ ರಕ್ತ. ಜ್ವರ ಬಿಟ್ಟಿತೆಂದು ನಿಟ್ಟುಸಿರು ಬಿಟ್ಟವರಲ್ಲಿ ಕೆಲವರಿಗೆ ಒಂದೆರಡು ವಾರದ ನಂತರ ಮತ್ತೆ ಬಂದು ಮಿದುಳಿಗೆ ತೊಂದರೆಯಾಗುವುದುಂಟು. ನೂರು ಜನರಿಗೆ ಬಂದರೆ ಮೂರರಿಂದ ಐದು ಜನ ಉಳಿಯುವುದಿಲ್ಲ. ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. ದೇಹಕ್ಕೆ ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವ ಮಿತಿಮೀರದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಒಂದು ಸಮಾಧಾನವೆಂದರೆ ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿಯ ಮನೆಗೆ ಹೋಗಲು, ಪಕ್ಕದಲ್ಲಿ ಕೂರಲು, ಗಂಜಿ ಕುಡಿಸಲು ಹೆದರಬೇಕಿಲ್ಲ. ಎಲ್ಲಕ್ಕಿಂತ ಮೊದಲು ಹೇಳಬೇಕಾದ ಈ ಮಾತನ್ನು ಅನೇಕ ಕರಪತ್ರಗಳು ಕೊನೆಯ ಸಾಲಿಗೆ ತಳ್ಳಿರುತ್ತವೆ.

ಮಂಗವೂ ನಮ್ಮ ಹಾಗೆ ಈ ಕಾಯಿಲೆಗೆ ಬಲಿಯಾದ ಪ್ರಾಣಿ. ಕಾಯಿಲೆಯನ್ನು ಹೊತ್ತು ತರುವುದು ಉಣುಗು, ಅದರಲ್ಲೂ ಮರಿ ಉಣುಗು. ದನದ ಕಿವಿಯಲ್ಲಿ ಉಬ್ಬಿ ಕೂತಿರುವ ದೊಡ್ಡ ಉಣುಗನ್ನು ಎಲ್ಲರೂ ನೋಡಿರುತ್ತಾರೆ, ಕಿತ್ತು ಬೆಂಕಿಗೆ ಹಾಕಿರುತ್ತಾರೆ. ವೈರಸ್ ಹೊತ್ತ ಮರಿ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಸಾಸಿವೆ ಕಾಳಿಗಿಂತ ಸಣ್ಣದು. ಒಣಗಿದ ಎಲೆಯ ಅಂಚಿನಲ್ಲಿ ಕಾದು ಕೂತು, ಬೆಚ್ಚಗಿನ ಮೈ ಹತ್ತಿರ ಬಂದೊಡನೆ ಹತ್ತಿಕೊಳ್ಳುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮೊಟ್ಟೆಯೊಡೆದ ಹುಳುಗಳು ನವೆಂಬರಿನಿಂದ ಈ ಹಂತಕ್ಕೆ ಬರುತ್ತವೆ. ಮೇ ತಿಂಗಳವರೆಗೂ ಇವುಗಳದೇ ಕಾಲ.

ಕಾಡಿನ ಉಣುಗು ಊರಿನ ಅಂಚಿಗೆ ಬರುವುದು ಹೇಗೆ ಎಂಬುದನ್ನು ಈ ಭಾಗದಲ್ಲಿ ಕೆಲಸ ಮಾಡಿದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಷ್ಟು ಹಿಂದೆಯೇ ವಿವರಿಸಿದ್ದರು. ಕಾಡು ಕಡಿದ ಜಾಗದಲ್ಲಿ ದನ ಮೇಯುತ್ತದೆ, ದನದ ಮೈಮೇಲೆ ಉಣುಗು ಹೊಟ್ಟೆ ತುಂಬಿಸಿಕೊಂಡು ಕೆಳಗೆ ಬಿದ್ದು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ದನಕ್ಕೆ ಕಾಯಿಲೆಯಿಲ್ಲ, ಆದರೆ ಉಣುಗಿನ ಸಂತತಿ ಬೆಳೆಯುವುದು ಅದರಿಂದ. ಬ್ರಿಟನ್ನಿನ ಮತ್ತು ಭಾರತದ ಸಂಶೋಧಕರು ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ಕಾಡು, ತೋಟ, ಗದ್ದೆ ಒಂದಕ್ಕೊಂದು ಹೆಣೆದುಕೊಂಡಿರುವ, ನಾಟಿ ದನಗಳು ಹೆಚ್ಚಾಗಿರುವ ಕಡೆ ಅಪಾಯ ಹೆಚ್ಚು. ಅಂದರೆ ಮಲೆನಾಡಿನ ಅಡಿಕೆ ಬೆಳೆಗಾರನ ಮನೆಯ ಹಿತ್ತಲು.

ಈಗ ಕರಪತ್ರದ ಮೊದಲ ಸಾಲಿಗೆ ಬರಬಹುದು. "ಕಾಡಿಗೆ ಹೋಗಬೇಡಿ."

ಸಾಗರ, ಸಿದ್ದಾಪುರ, ತೀರ್ಥಹಳ್ಳಿಯ ಕಡೆ ಬದುಕು ನಡೆಯುವುದೇ ಬೆಟ್ಟವನ್ನು ನೆಚ್ಚಿಕೊಂಡು. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ದರಕು ಗುಡಿಸಿ ತರಬೇಕು. ಅದನ್ನು ಕೊಟ್ಟಿಗೆಯಲ್ಲಿ ಹಾಸಬೇಕು, ಸಗಣಿಯೊಂದಿಗೆ ಕಲೆತು ಗೊಬ್ಬರವಾದದ್ದನ್ನು ತೋಟಕ್ಕೆ ಹೊರಬೇಕು. ಸೊಪ್ಪಿನಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ. ಒಲೆಗೆ ಕಟ್ಟಿಗೆಯೂ ಅಲ್ಲಿಂದಲೇ. ಮಂಗನ ಕಾಯಿಲೆಯ ತಿಂಗಳುಗಳೂ ದರಕಿನ ತಿಂಗಳುಗಳೂ ಒಂದೇ. ಸ್ವಂತ ತೋಟವಿದ್ದವರು ಒಂದು ವರ್ಷ ಗೊಬ್ಬರ ಕೊಂಡು ತಂದಾರು. ಕೂಲಿಗೆ ದರಕು ಹೊರುವ ಹೆಂಗಸು ಎಲ್ಲಿಗೆ ಹೋಗಬೇಕು? ಪಾಲಿಸಲಾಗದ ಸಲಹೆಯನ್ನು ಮೊದಲ ಸಾಲಿಗೇ ಇಟ್ಟರೆ ಜನ ಎರಡನೆಯ ಸಾಲನ್ನು ಓದುವುದಿಲ್ಲ. ಆ ಎರಡನೆಯ ಸಾಲಿನಲ್ಲಿಯೇ ನಿಜವಾಗಿ ಜೀವ ಉಳಿಸುವ ಮಾತಿರುತ್ತದೆ, ಎಣ್ಣೆಯದು ಮತ್ತು ಬಿಸಿನೀರಿನದು.

ಎಣ್ಣೆ ಎಂದರೆ ಡೆಪಾ ಎಣ್ಣೆ. ಸೈನಿಕರನ್ನು ಸೊಳ್ಳೆ-ಕೀಟಗಳಿಂದ ಕಾಪಾಡಲೆಂದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ದ್ರಾವಣವಿದು. ಹಿಂದೆ ಹಂಚುತ್ತಿದ್ದ ಡಿಎಂಪಿ ತೈಲದ ಜಾಗಕ್ಕೆ ಬಂದಿದೆ. ಬಾಟಲಿಗಳು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಆಶಾ ಕಾರ್ಯಕರ್ತೆಯ ಚೀಲಕ್ಕೆ, ಅಲ್ಲಿಂದ ಮನೆಮನೆಗೆ ಉಚಿತವಾಗಿ ಬರುತ್ತವೆ. ಬಂದ ಬಾಟಲಿ ಬಚ್ಚಲುಮನೆಯ ಕಿಟಕಿಯಲ್ಲಿ ಸೀಲು ಒಡೆಯದೆ ಕೂತಿರುವುದೂ ಉಂಟು. ವಾಸನೆ ಹಿಡಿಸುವುದಿಲ್ಲ, ಮೈ ಜಿಗುಟಾಗುತ್ತದೆ, ಬೆವರಿದರೆ ಇಳಿದುಹೋಗುತ್ತದೆ, ಹಚ್ಚಿಕೊಂಡ ಕೈಯಲ್ಲಿ ಎಲೆಯಡಿಕೆ ಹಾಕುವುದು ಹೇಗೆ ಎಂಬ ಅನುಮಾನ ಬೇರೆ. ಇವೆಲ್ಲ ನ್ಯಾಯವಾದ ತಕರಾರುಗಳೇ. ಇವಕ್ಕೆ ಉತ್ತರ ಗೊತ್ತಿರುವವರು ಹೇಳಿದರೆ ಬಾಟಲಿ ತೆರೆಯುತ್ತದೆ: ಮನೆ ಬಿಡುವ ಮುಂಚೆ ಹಚ್ಚಿಕೊಳ್ಳಿ, ಪಾದ, ಹಿಮ್ಮಡಿ, ಮೊಣಕಾಲಿನ ಕೆಳಗೆ, ಕುತ್ತಿಗೆಯ ಹಿಂದೆ, ಮುಂಗೈ ಬಿಡಬೇಡಿ, ಕಣ್ಣು-ಬಾಯಿಗೆ ತಾಗಿಸಬೇಡಿ, ಅಂಗೈ ತೊಳೆದುಕೊಂಡು ಎಲೆಯಡಿಕೆ ಹಾಕಿ, ಬೆವರಿಳಿದರೆ ಮತ್ತೊಮ್ಮೆ ಸವರಿಕೊಳ್ಳಿ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಬೂಟು ಇದ್ದರೆ ಒಳ್ಳೆಯದು. ದರಕು ಗುಡಿಸುವ ಹೆಂಗಸರಿಗೆ ಇದನ್ನು ಹೇಳುವಾಗ ಸೀರೆಯ ಲೆಕ್ಕವನ್ನೂ ಹಾಕಬೇಕು. ಸೀರೆಯ ಒಳಗೆ ಗಂಡನ ಹಳೆಯ ಪ್ಯಾಂಟು ಹಾಕಿಕೊಂಡು, ಮೇಲೊಂದು ಅವನದೇ ತುಂಬುತೋಳಿನ ಅಂಗಿ ತೊಡುವುದು ಮಲೆನಾಡಿನ ಕೂಲಿ ಹೆಂಗಸರಿಗೆ ಹೊಸದೇನಲ್ಲ.

ಬಿಸಿನೀರಿನ ಮಾತು ಸುಲಭ, ಏಕೆಂದರೆ ಮಲೆನಾಡಿನ ಬಚ್ಚಲಿನಲ್ಲಿ ಹಂಡೆಯ ಒಲೆ ಆರುವುದು ಕಡಿಮೆ. ಕಾಡಿನಿಂದ ಬಂದವರು ಜಗಲಿಯಲ್ಲಿ ಕೂತು ಚಹಾ ಕುಡಿಯುವ ಮೊದಲು ನೇರ ಬಚ್ಚಲಿಗೆ ಹೋಗಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಬೇಕು. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಕೈಯಾಡಿಸಿ ನೋಡಬೇಕು. ತಂದ ದರಕನ್ನು ಮನೆಯ ಅಂಗಳದಲ್ಲಿ ರಾಶಿ ಹಾಕಬಾರದು. "ಎಣ್ಣೆ ಹಚ್ಕಂಡು ಹೋಗಿದ್ಯೇನೇ ಅತ್ಗೆ? ಮಿಂದ್ಕಂಡು ಬಾ ಮೊದ್ಲು" ಎಂದು ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕೇಳುವ ಒಂದು ಮಾತಿಗೆ ಧ್ವನಿವರ್ಧಕ ಕಟ್ಟಿದ ಆಟೊ ಊರೆಲ್ಲ ಸುತ್ತಿದ್ದಕ್ಕಿಂತ ಹೆಚ್ಚು ತೂಕ. ಆಟೊ ನಾಳೆ ಬರುವುದಿಲ್ಲ, ಇವಳು ನಾಳೆಯೂ ಕೇಳುತ್ತಾಳೆ.

ಸತ್ತ ಮಂಗದ ವಿಷಯ ಇದಕ್ಕಿಂತ ನಾಜೂಕಿನದು. ನಮ್ಮ ಹಳ್ಳಿಗಳಲ್ಲಿ ಮಂಗ ಸತ್ತರೆ ಹನುಮಂತನೇ ಹೋದ ಹಾಗೆ. ಅರಿಸಿನ-ಕುಂಕುಮ ಹಚ್ಚಿ, ಹೂವು ಹಾಕಿ, ಕಾಯಿ ಒಡೆದು ಮಣ್ಣು ಮಾಡುವ ಪದ್ಧತಿ ಕರ್ನಾಟಕದ ಉದ್ದಗಲಕ್ಕೂ ಇದೆ. ಆದರೆ ಮಂಗದ ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ಎಲೆಗಳಲ್ಲಿ ಹರಡಿ ಹೊಸ ಬೆಚ್ಚನೆಯ ಮೈಗೆ ಕಾಯುತ್ತವೆ. ಭಕ್ತಿಯಿಂದ ಬಗ್ಗಿದವರ ಕೈಗೇ ಹತ್ತುತ್ತವೆ. ಈ ಪದ್ಧತಿಯನ್ನು ಮೂಢನಂಬಿಕೆ ಎಂದು ಜರೆದ ಭಾಷಣಕಾರನ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಅವನು ಏನು ಹೇಳಿದರೂ ಜನರ ಕಿವಿಗೆ ಬೀಳುವುದಿಲ್ಲ. "ಮುಟ್ಟಬೇಡಿ, ದೂರದಿಂದ ಕೈಮುಗಿಯಿರಿ, ಸಂಸ್ಕಾರವನ್ನು ಇಲಾಖೆಯವರು ಬೆಂಕಿಯಲ್ಲೇ ಮಾಡುತ್ತಾರೆ" ಎಂದು ಊರಿನ ಭಟ್ಟರೋ ಹಿರಿಯರೋ ಹೇಳಿದರೆ ಒಪ್ಪುತ್ತಾರೆ.

ಇಲಾಖೆಯವರು ಮಾಡುವುದೂ ಅದನ್ನೇ. ಸುದ್ದಿ ಆಶಾ ಕಾರ್ಯಕರ್ತೆಗೆ, ಗ್ರಾಮ ಪಂಚಾಯಿತಿಗೆ ಇಲ್ಲವೇ ಅರಣ್ಯ ಇಲಾಖೆಯ ಗಾರ್ಡಿಗೆ ಮುಟ್ಟಿದೊಡನೆ ಆರೋಗ್ಯ, ಪಶುಸಂಗೋಪನೆ, ಅರಣ್ಯ ಮೂರೂ ಇಲಾಖೆಯವರು ಸೇರಿ ಸ್ಥಳಕ್ಕೆ ಬರುತ್ತಾರೆ. ಪಶುವೈದ್ಯರು ರಕ್ಷಣಾ ಉಡುಪು ತೊಟ್ಟು ಶವಪರೀಕ್ಷೆ ಮಾಡಿ ಅಂಗಾಂಗಗಳ ಮಾದರಿ ತೆಗೆಯುತ್ತಾರೆ. ಸುತ್ತಲಿನ ಉಣುಗುಗಳನ್ನೂ ಸಂಗ್ರಹಿಸಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಶವವನ್ನು ಅಲ್ಲಿಯೇ ಸುಡುತ್ತಾರೆ. ಸುತ್ತಲೂ ಸುಮಾರು 50 ಮೀಟರ್‌ವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚುತ್ತಾರೆ. ಆ ಕಡೆ ಯಾರೂ ಹೋಗದಂತೆ ಊರಿಗೆ ತಿಳಿಸುತ್ತಾರೆ. ಮಂಗ ಕೊಳೆತುಹೋಗಿದ್ದರೆ ಮಾದರಿಯಿಂದ ಏನೂ ತಿಳಿಯುವುದಿಲ್ಲ; ಹಾಗಾಗಿ ಮೊದಲ ದಿನದ ಫೋನಿಗೂ ಮೂರನೆಯ ದಿನದ ಫೋನಿಗೂ ಅಜಗಜಾಂತರ. ಸುದ್ದಿ ಕೊಟ್ಟವನನ್ನೇ ಪೊಲೀಸರು, ಅರಣ್ಯದವರು ವಿಚಾರಣೆಗೆ ಎಳೆದಾರು ಎಂಬ ಭಯ ಕಾಡಂಚಿನವರಿಗೆ ಸಹಜ. ಒತ್ತುವರಿ, ಕಟ್ಟಿಗೆ ಎಂದು ಅರಣ್ಯ ಇಲಾಖೆಯೊಂದಿಗೆ ನೂರೆಂಟು ವ್ಯಾಜ್ಯವಿರುವವರು ಸುಮ್ಮಸುಮ್ಮನೆ ಗಾರ್ಡಿಗೆ ಫೋನು ಮಾಡುವುದಿಲ್ಲ. ಆಶಾ ಕಾರ್ಯಕರ್ತೆಗೆ ಮಾಡುತ್ತಾರೆ, ಅವಳು ಊರಿನ ಸೊಸೆ.

2018ರ ಕೊನೆಯಲ್ಲಿ ಶರಾವತಿ ಹಿನ್ನೀರಿನ ಕಡೆಯ ಅರಳಗೋಡು ಇಡೀ ರಾಜ್ಯಕ್ಕೆ ಪರಿಚಯವಾದದ್ದು ಈ ಕಾಯಿಲೆಯಿಂದ. ಸಾಗರ ತಾಲ್ಲೂಕಿನ ಆ ಒಂದೇ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಚಳಿಗಾಲವಿಡೀ ಸಾವಿನ ಮೇಲೆ ಸಾವು. ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಸಾಗಿಸಬೇಕಾಯಿತು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನ ಸರದಿ. ಎರಡೂ ಕಡೆ ಜಾಗೃತಿಯ ಭರಾಟೆ ಸಾವಿನ ಸುದ್ದಿಯ ಬೆನ್ನಿಗೇ ಎದ್ದಿತು. ಬರಬೇಕಾದದ್ದು ಅದಕ್ಕಿಂತ ಎರಡು-ಮೂರು ತಿಂಗಳು ಮೊದಲು. ಮಲೆನಾಡಿನ ಪಂಚಾಂಗದಲ್ಲಿ ಇದಕ್ಕೊಂದು ಒಳ್ಳೆಯ ದಿನವಿದೆ: ಅಕ್ಟೋಬರಿನಲ್ಲಿ ಬರುವ ಭೂಮಿ ಹುಣ್ಣಿಮೆ. ಗದ್ದೆಗೆ ಎಡೆಯಿಡಲು ಊರಿಗೆ ಊರೇ ಹೊರಬರುವ ಹೊತ್ತು. ಉಣುಗಿನ ಹೊಸ ಪೀಳಿಗೆ ಹುಟ್ಟುವುದೂ ಅದೇ ಆಸುಪಾಸಿನಲ್ಲಿ. ಎಣ್ಣೆಯ ಬಾಟಲಿ ಅಷ್ಟು ಹೊತ್ತಿಗೆ ಮನೆ ಸೇರಿರಬೇಕು.

ಲಸಿಕೆಯ ಕತೆ ಬೇಸರದ್ದು, ಆದರೂ ಹೇಳಬೇಕು. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಲಸಿಕೆಯನ್ನು 1990ರಿಂದ ಕೊಡುತ್ತ ಬಂದರು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ ಒಂದು. ಚುಚ್ಚಿದ ತೋಳು ಊದಿಕೊಂಡು ಎರಡು ದಿನ ಕೆಲಸಕ್ಕೆ ಹೋಗುವಂತಿರಲಿಲ್ಲ. ಕೂಲಿಯವರಿಗೆ ಅದು ಎರಡು ದಿನದ ಸಂಬಳ. 2005ರಿಂದ 2010ರವರೆಗಿನ ಲೆಕ್ಕ ಹಾಕಿದ ಅಧ್ಯಯನವೊಂದರ ಪ್ರಕಾರ ಎರಡು ಸೂಜಿ ತಗೊಂಡವರಿಗೆ ಸಿಕ್ಕಿದ ರಕ್ಷಣೆ ಶೇ 62ರಷ್ಟು, ಬೂಸ್ಟರನ್ನೂ ತಗೊಂಡವರಿಗೆ ಶೇ 83ರಷ್ಟು. ಮೊದಲ ಸೂಜಿಯ ನೋವಿಗೇ ಅನೇಕರು ನಿಲ್ಲಿಸಿಬಿಡುತ್ತಿದ್ದರು. "ಲಸಿಕೆ ತಗೊಂಡವನಿಗೂ ಬಂತಲ್ಲ" ಎಂಬ ಮಾತು ಹಳ್ಳಿಯಿಂದ ಹಳ್ಳಿಗೆ ನಡೆಯಿತು. ಅವನು ಎಷ್ಟು ಸೂಜಿ ತಗೊಂಡಿದ್ದ ಎಂದು ಯಾರೂ ಕೇಳಲಿಲ್ಲ. ಲಸಿಕೆಯ ಶಕ್ತಿಯೇ ಕುಂದಿದೆ ಎಂದು ಕೊನೆಗೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಜನರ ಅನುಮಾನದಲ್ಲಿ ಸತ್ಯದ ಪಾಲೂ ಇತ್ತು ಎಂದ ಹಾಗಾಯಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದಾಳ್ತನದಲ್ಲಿ ಹೊಸ ಲಸಿಕೆಯ ಕೆಲಸ ನಡೆದಿದೆ.

ಅನುಮಾನಕ್ಕೆ ಈ ಕಾಯಿಲೆಯಲ್ಲಿ ದೊಡ್ಡ ಇತಿಹಾಸವೇ ಇದೆ. ವೈರಸ್ ವಲಸೆ ಹಕ್ಕಿಗಳೊಂದಿಗೆ ಬಂದಿರಬಹುದೇ ಎಂದು ಪಕ್ಷಿತಜ್ಞ ಸಲೀಂ ಅಲಿ ಅವರ ಮುಂಬೈ ಸಂಸ್ಥೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ಮಾಡಿತ್ತು. ಅದಕ್ಕೆ ಅಮೆರಿಕದ ಸೇನೆಯ ಹಣವೂ ಬಂದಿತ್ತು ಎಂಬ ವಿಷಯ 1970ರ ದಶಕದಲ್ಲಿ ಪತ್ರಿಕೆಗಳಲ್ಲಿ ಗದ್ದಲವೆಬ್ಬಿಸಿ ಸಂಸತ್ತಿನ ಸಮಿತಿಯವರೆಗೂ ಹೋಯಿತು. ಜೈವಿಕ ಅಸ್ತ್ರದ ಊಹಾಪೋಹ ಆಗ ಹುಟ್ಟಿದ್ದು ಪೂರ್ತಿ ಸತ್ತಿಲ್ಲ. ವಾಟ್ಸ್ಆ್ಯಪ್ ಬರುವ ಮೊದಲೂ ವದಂತಿಗೆ ಕಾಲಿತ್ತು.

ಲಸಿಕೆಯೂ ಇಲ್ಲದೆ ಔಷಧವೂ ಇಲ್ಲದೆ ಒಂದು ಕಾಯಿಲೆಯನ್ನು ಮುಖ್ಯವಾಗಿ ಜನರ ನಡವಳಿಕೆ ಬದಲಿಸಿ ಓಡಿಸಬಹುದೇ? ಓಡಿಸಿದ್ದೇವೆ. ನಾರುಹುಣ್ಣನ್ನು ಇಂದಿನ ಮಕ್ಕಳು ನೋಡಿಲ್ಲ. ಉತ್ತರ ಕರ್ನಾಟಕದ ಅಜ್ಜ-ಅಜ್ಜಿಯರನ್ನು ಕೇಳಿದರೆ ಕಾಲಿನ ಹುಣ್ಣಿನಿಂದ ಹೊರಬಂದ ದಾರದಂಥ ಹುಳುವನ್ನು ಕಡ್ಡಿಗೆ ದಿನಾ ಒಂದಿಷ್ಟು ಸುತ್ತುತ್ತ ವಾರಗಟ್ಟಲೆ ಎಳೆದು ತೆಗೆಯುತ್ತಿದ್ದುದನ್ನು ಹೇಳಿಯಾರು. ಮೆಟ್ಟಿಲು ಬಾವಿಗೆ ಇಳಿದು ಹುಣ್ಣಿನ ಕಾಲನ್ನು ನೀರಿಗಿಟ್ಟರೆ ಹುಳು ಮರಿಗಳನ್ನು ಬಿಡುತ್ತಿತ್ತು, ನೀರಿನ ಪುಟ್ಟ ಜೀವಿಯೊಂದು ಅವನ್ನು ನುಂಗುತ್ತಿತ್ತು, ಆ ನೀರು ಕುಡಿದವರಿಗೆ ವರ್ಷದ ನಂತರ ಹುಣ್ಣು ಏಳುತ್ತಿತ್ತು. 1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಮುಖ್ಯವಾಗಿ ಮಾಡಿದ್ದು ಇಷ್ಟು: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳಿದರು, ಮೆಟ್ಟಿಲು ಬಾವಿಗಳನ್ನು ಸೇದುಬಾವಿಗಳಾಗಿ ಬದಲಿಸಿದರು, ಕೊಳವೆಬಾವಿ ಕೊರೆಸಿದರು, ಹುಣ್ಣಿದ್ದವರನ್ನು ನೀರಿಗಿಳಿಯದಂತೆ ತಡೆದರು, ಹೊಸ ರೋಗಿಯ ಸುದ್ದಿ ಕೊಟ್ಟವರಿಗೆ ಬಹುಮಾನದ ಹಣ ಕೊಟ್ಟರು. ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಎಂದಿತು. ನೀರು ಸೋಸಿದ್ದು ಮನೆಯ ಹೆಂಗಸರು. ಪ್ರಮಾಣಪತ್ರದಲ್ಲಿ ಅವರ ಹೆಸರಿಲ್ಲ.

ಮಂಗನ ಕಾಯಿಲೆ ಹಾಗೆ ಪೂರ್ತಿ ಅಳಿಯುವಂಥದ್ದಲ್ಲ, ವೈರಸ್ ಕಾಡಿನ ಇಲಿ-ಹೆಗ್ಗಣ, ಅಳಿಲು, ಉಣುಗುಗಳಲ್ಲಿ ಉಳಿದೇ ಇರುತ್ತದೆ. ಅದರಿಂದ ಸಾಯುವವರ ಸಂಖ್ಯೆಯನ್ನು ಇಳಿಸಲು ಸಾಧ್ಯ. ಆ ಕೆಲಸದಲ್ಲಿ ಕೈಜೋಡಿಸಬೇಕೆನ್ನುವವರಿಗೆ ದಾರಿಗಳು ಹುಡುಕದೆಯೇ ಸಿಗುತ್ತವೆ. ಪ್ರತಿ ಕಂದಾಯ ಗ್ರಾಮದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂಬುದೊಂದಿದೆ. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ, ಸ್ವಸಹಾಯ ಸಂಘದವರು ಅದರಲ್ಲಿರುತ್ತಾರೆ. ವರ್ಷಕ್ಕೆ 10,000 ರೂಪಾಯಿವರೆಗಿನ ಮುಕ್ತ ನಿಧಿಯೂ ಅದಕ್ಕುಂಟು. ಅನೇಕ ಊರುಗಳಲ್ಲಿ ಇದರ ಸಭೆ ವಹಿಯಲ್ಲಿ ಮಾತ್ರ ನಡೆಯುತ್ತದೆ. ಸಭೆ ಯಾವತ್ತು ಎಂದು ಕೇಳುವವರು ನಾಲ್ಕು ಜನ ಇದ್ದರೆ ಅದು ನಿಜವಾಗಿಯೂ ನಡೆಯುತ್ತದೆ. ಹಾಲು ಉತ್ಪಾದಕರ ಸಂಘಕ್ಕೆ ದಿನಾ ಬೆಳಿಗ್ಗೆ ಸಂಜೆ ಊರಿನ ಅರ್ಧ ಜನ ಬರುತ್ತಾರೆ; ದನಗಳಿಗೆ ಉಣುಗು ನಿವಾರಕ ಔಷಧ ಹಾಕಿಸುವ ಮಾತಿಗೆ ಅದಕ್ಕಿಂತ ತಕ್ಕ ಜಾಗವಿಲ್ಲ. ಶಾಲೆಯ ಮಕ್ಕಳು ಮನೆಯ ಹಿರಿಯರಿಗೆ ಎಣ್ಣೆ ಹಚ್ಚಿಸುವುದರಲ್ಲಿ ತುಂಬ ಗಟ್ಟಿಗರು. ಕೊರೊನಾ ಕಾಲದಲ್ಲಿ ಯಕ್ಷಗಾನ ಕಲಾವಿದರು ಜಾಗೃತಿಯ ಪ್ರಸಂಗ ಕಟ್ಟಿ ಆಡಿದ್ದರು. ಮಲೆನಾಡಿನ ಮೇಳಗಳ ತಿರುಗಾಟವೂ ಉಣುಗಿನ ಕಾಲವೂ ಒಂದೇ ಆಗಿರುವುದರಿಂದ ಹಾಸ್ಯಗಾರನ ಬಾಯಲ್ಲಿ ಎಣ್ಣೆಯ ಬಾಟಲಿ ಬರುವುದಕ್ಕೆ ಅಡ್ಡಿಯೇನಿಲ್ಲ.

ಇದನ್ನೆಲ್ಲ ಹೇಳುವಾಗ ಆಶಾ ಕಾರ್ಯಕರ್ತೆಯ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸುವುದು ಎಲ್ಲರಿಗೂ ಸುಲಭ. 2005ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಸಾವಿರ ಜನಕ್ಕೆ ಒಬ್ಬಳು. ರಾಜ್ಯದಲ್ಲಿ ಸುಮಾರು 42,000 ಆಶಾಗಳಿದ್ದಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಇದೇ ಹೆಂಗಸರು ತಿಂಗಳಿಗೆ 15,000 ರೂಪಾಯಿ ಖಾತ್ರಿ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು-ರಾತ್ರಿ ಧರಣಿ ಕೂತಿದ್ದರು. ಮಲೆನಾಡಿನ ಒಂಟಿಮನೆಗಳ ನಡುವೆ ಬಸ್ಸಿಲ್ಲದ ದಾರಿಯಲ್ಲಿ, ತಾನೇ ಮೈಗೆ ಎಣ್ಣೆ ಹಚ್ಚಿಕೊಂಡು ಜ್ವರದ ಸಮೀಕ್ಷೆಗೆ ಹೋಗುವವಳು ಅವಳು. ಊರಿನ ಯಾರಾದರೂ ಬೈಕಿನಲ್ಲಿ ಎರಡು ಮೈಲಿ ಬಿಟ್ಟು ಬಂದರೂ ಅದು ಜಾಗೃತಿಯ ಕೆಲಸವೇ.

ಊರಿನವರು ತಾವೇ ಮಾಡಬಹುದಾದದ್ದರಲ್ಲಿ ಒಂದು ಪಟ್ಟಿಗೆ ಬೆಲೆ ಹೆಚ್ಚು. ಯಾವ ಮನೆಯವರು ಯಾವ ಬೆಟ್ಟಕ್ಕೆ ಹೋಗುತ್ತಾರೆ, ಕೂಲಿಗೆ ಹೊರಗಿನಿಂದ ಬಂದವರು ಎಲ್ಲಿ ಉಳಿದಿದ್ದಾರೆ, ಯಾರ ಮನೆಯಲ್ಲಿ ಫೋನಿಲ್ಲ, ರಾತ್ರಿ ಜ್ವರ ಏರಿದರೆ ಯಾರ ಜೀಪು ಬರುತ್ತದೆ ಎನ್ನುವುದು ಮಳೆಗಾಲದಲ್ಲೇ ಒಂದು ವಹಿಯಲ್ಲಿ ಇರಬೇಕು. ನವೆಂಬರಿನಿಂದ ಮೇವರೆಗೆ ಕಾಡಂಚಿನಲ್ಲಿ ಜ್ವರ ಬಂದರೆ ಡೆಂಗೀ ಇರಬಹುದು, ಇಲಿಜ್ವರ ಇರಬಹುದು, ಆದರೂ "ಕಾಡಿಗೆ ಹೋಗಿದ್ದೆ" ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಆಗ ರಕ್ತದ ಮಾದರಿ ಶಿವಮೊಗ್ಗಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಸಿಕ್ಕ ನೋವಿನ ಮಾತ್ರೆ ನುಂಗಿ ಕಾಯುವಂತಿಲ್ಲ, ರಕ್ತಸ್ರಾವದ ಕಾಯಿಲೆಗಳಲ್ಲಿ ಕೆಲವು ಮಾತ್ರೆಗಳು ಸ್ರಾವವನ್ನು ಹೆಚ್ಚಿಸುತ್ತವೆ.

ಹೊಸ ಲಸಿಕೆ ಬಂದಾಗ ಹಳ್ಳಿಯ ಜಗಲಿಯಲ್ಲಿ ಕೇಳುವ ಪ್ರಶ್ನೆಗಳು ಯಾವುವು ಎಂದು ಈಗಲೇ ಗೊತ್ತು. ಎಷ್ಟು ಸೂಜಿ? ಎಷ್ಟು ನೋವು? ಎರಡು ದಿನದ ಕೂಲಿ ಯಾರು ಕೊಡುತ್ತಾರೆ? ಹಳೆಯದರ ಹಾಗೆ ಇದನ್ನೂ ನಿಲ್ಲಿಸಿಬಿಡುತ್ತೀರಾ? ಲಸಿಕೆಯ ಪೆಟ್ಟಿಗೆ ಹಿಡಿದು ಬರುವ ನರ್ಸಿಗೆ ಇವುಗಳ ಉತ್ತರ ಬಾಯಲ್ಲಿರಬೇಕಾದರೆ, ಇಲಾಖೆ ಈ ಪ್ರಶ್ನೆಗಳನ್ನು ಅರಳಗೋಡಿನಲ್ಲಿ, ಸಿದ್ದಾಪುರದಲ್ಲಿ ಕೂತು ಅದಕ್ಕಿಂತ ಮೊದಲೇ ಕೇಳಿಸಿಕೊಂಡಿರಬೇಕು.